ಪೆಟ್ಟುಗಳ ಲೆಕ್ಕ ಇಡದ ಆಟ

2002ರ ಸೆಪ್ಟೆಂಬರ್ 28, ಶನಿವಾರ. ಅಮೆರಿಕದ ಪಿಟ್ಸ್‌ಬರ್ಗ್ ನಗರದ ಶವಪರೀಕ್ಷಾ ಕೇಂದ್ರದಲ್ಲಿ ಆ ದಿನ ಕೆಲಸಕ್ಕೆ ಬಂದ ಡಾ. ಬೆನೆಟ್ ಒಮಾಲು ಅವರ ಮುಂದೆ ಐವತ್ತು ವರ್ಷದ ಒಬ್ಬ ಗಂಡಸಿನ ಶವವಿತ್ತು. ಹೃದಯಾಘಾತದಿಂದ ಸತ್ತವನು. ಊರಿನ ಟಿ.ವಿ.ಗಳಲ್ಲೆಲ್ಲ ಅವನದೇ ಸುದ್ದಿ. ನೈಜೀರಿಯದಲ್ಲಿ ಹುಟ್ಟಿ, 1994ರಲ್ಲಿ ಅಮೆರಿಕಕ್ಕೆ ಬಂದಿದ್ದ ಒಮಾಲು ಅವರಿಗೆ ಆ ದೇಶದ ಫುಟ್‌ಬಾಲ್ ಆಟದ ಗಂಧಗಾಳಿಯೂ ಇರಲಿಲ್ಲ. ಊರಿಗೆ ಊರೇ 'ಕಬ್ಬಿಣದ ಮೈಕ್' ಎಂದು ಕರೆದು ಕೊಂಡಾಡಿದ್ದ ಮೈಕ್ ವೆಬ್‌ಸ್ಟರ್ ಎಂಬ ಆಟಗಾರ ಅವರ ಪಾಲಿಗೆ ಬರಿಯ ಒಂದು ಹೆಸರು. ಬಹುಶಃ ಅದೇ ಒಳ್ಳೆಯದಾಯಿತು. ಆಟದ ಮೋಹವಿಲ್ಲದ ಕಣ್ಣಿಗೆ ಮಾತ್ರ ಕಾಣಬಹುದಾಗಿದ್ದ ಒಂದು ಸಂಗತಿ ಆ ದೇಹದಲ್ಲಿ ಅಡಗಿತ್ತು.

ಅದೇನೆಂದು ತಿಳಿಯಲು ಮೊದಲು ಆ ಆಟ ಎಂಥದ್ದೆಂದು ತಿಳಿಯಬೇಕು. ಅಮೆರಿಕನ್ನರು ಫುಟ್‌ಬಾಲ್ ಎನ್ನುವುದು ನಾವು ಕಾಲಿನಿಂದ ಒದ್ದು ಆಡುವ ಫುಟ್‌ಬಾಲ್ ಅಲ್ಲ. ಎರಡೂ ತುದಿ ಚೂಪಾದ ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ ಅದು. ನೂರು ಗಜ ಉದ್ದದ ಮೈದಾನದಲ್ಲಿ ಎರಡು ತಂಡಗಳು, ಒಂದೊಂದರಲ್ಲಿ ಹನ್ನೊಂದು ಜನ. ಚೆಂಡು ಕೈಯಲ್ಲಿರುವ ತಂಡಕ್ಕೆ ನಾಲ್ಕು ಅವಕಾಶ. ಅಷ್ಟರೊಳಗೆ ಅದು ಕನಿಷ್ಠ ಹತ್ತು ಗಜ ಮುನ್ನುಗ್ಗಬೇಕು. ನುಗ್ಗಿದರೆ ಮತ್ತೆ ನಾಲ್ಕು ಅವಕಾಶ, ಇಲ್ಲದಿದ್ದರೆ ಚೆಂಡು ಎದುರಾಳಿಯ ಪಾಲು. ಒಂದೊಂದು ಅವಕಾಶವೂ ಕೆಲವೇ ಸೆಕೆಂಡುಗಳ ಕಾಳಗ. ಚೆಂಡು ಹಿಡಿದವನನ್ನು ನೆಲಕ್ಕೆ ಕೆಡವಿದೊಡನೆ ಆಟ ನಿಲ್ಲುತ್ತದೆ. ಎಲ್ಲರೂ ಎದ್ದು, ಮತ್ತೆ ಸಾಲುಗಟ್ಟಿ, ಮತ್ತೆ ನುಗ್ಗುತ್ತಾರೆ.

ಈ ಆಟದ ರಾಜ 'ಕ್ವಾರ್ಟರ್‌ಬ್ಯಾಕ್'. ಚೆಂಡನ್ನು ಯಾರಿಗೆ ಕೊಡಬೇಕು, ಎಲ್ಲಿಗೆ ಎಸೆಯಬೇಕು ಎಂಬುದು ಅವನ ಕೈಯಲ್ಲಿರುತ್ತದೆ. ಜಾಹೀರಾತುಗಳಲ್ಲಿ ಕಾಣುವ ಮುಖವೂ ಸಾಮಾನ್ಯವಾಗಿ ಅವನದೇ. ಅವನ ಮುಂದೆ ಬಾಗಿ ನಿಂತವನು 'ಸೆಂಟರ್'. ನೆಲದ ಮೇಲಿಟ್ಟ ಚೆಂಡನ್ನು ಕಾಲುಗಳ ನಡುವಿನಿಂದ ಹಿಂದಕ್ಕೆ ಕೊಡುವುದು ಸೆಂಟರ್‌ನ ಮೊದಲ ಕೆಲಸ. ಚೆಂಡು ಕೈಬಿಟ್ಟ ಅದೇ ಕ್ಷಣ ತಲೆಯೆತ್ತಿ, ಕೈಯಳತೆಯಲ್ಲಿ ನಿಂತ ನೂರು ಕಿಲೋಗೂ ಮೀರಿದ ಎದುರಾಳಿಯನ್ನು ಡಿಕ್ಕಿ ಹೊಡೆದು ತಡೆಯುವುದು ಎರಡನೆಯ ಕೆಲಸ. ಅವನು ಚೆಂಡು ಹಿಡಿದು ಓಡುವುದಿಲ್ಲ, ಅಂಕ ಗಳಿಸುವುದಿಲ್ಲ. ಪ್ರೇಕ್ಷಕರ ಕಣ್ಣೆಲ್ಲ ಚೆಂಡಿನ ಹಿಂದೆ ಹೋಗಿರುವಾಗ ಅವನು ಮಾತ್ರ ತಲೆಗೆ ತಲೆ ಕೊಟ್ಟು ನಿಂತಿರುತ್ತಾನೆ. ಮೈಕ್ ವೆಬ್‌ಸ್ಟರ್ ಹದಿನೇಳು ವರ್ಷ ಮಾಡಿದ್ದು ಈ ಕೆಲಸವನ್ನು.

ವೆಬ್‌ಸ್ಟರ್ ಹುಟ್ಟಿದ್ದು 1952ರ ಮಾರ್ಚ್ 18ರಂದು, ವಿಸ್ಕಾನ್ಸಿನ್ ರಾಜ್ಯದ ಉತ್ತರ ಭಾಗದ ಟೊಮಹಾಕ್ ಎಂಬ ಸಣ್ಣ ಊರಿನಲ್ಲಿ. ಮನೆಯವರದು ಆಲೂಗಡ್ಡೆ ಬೇಸಾಯ. ಹೊಲದ ಕೆಲಸದಲ್ಲಿ ಗಟ್ಟಿಯಾದ ಮೈ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ತಂಡದಲ್ಲಿ ಆಡಿ ಹೆಸರು ಮಾಡಿದರೂ, ವೃತ್ತಿಪರ ಆಟಕ್ಕೆ ಬೇಕಾದಷ್ಟು ದೊಡ್ಡ ಆಳಲ್ಲ ಎಂಬ ಮಾತಿತ್ತು. ಅಲ್ಲಿನ ರಾಷ್ಟ್ರೀಯ ಫುಟ್‌ಬಾಲ್ ಲೀಗ್‌ನಲ್ಲಿ ಪ್ರತಿ ವರ್ಷ ತಂಡಗಳು ಸರದಿಯ ಪ್ರಕಾರ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಪದ್ಧತಿಯಿದೆ. 1974ರಲ್ಲಿ ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡ ಅವನನ್ನು ಆರಿಸಿದಾಗ ಐದನೆಯ ಸುತ್ತು ನಡೆಯುತ್ತಿತ್ತು. ಅವನಿಗಿಂತ ಮೊದಲು 124 ಮಂದಿಗೆ ಕರೆ ಬಂದಿತ್ತು.

ತನ್ನ ಕೊರತೆಯನ್ನು ವೆಬ್‌ಸ್ಟರ್ ದುಡಿಮೆಯಿಂದ ತುಂಬಿಕೊಂಡ. ಭಾರ ಎತ್ತಿ ಎತ್ತಿ ಮೈ ಬೆಳೆಸಿಕೊಂಡು ತೂಕವನ್ನು ಸುಮಾರು 115 ಕಿಲೋಗೆ ತಂದ. ಹಿಮ ಬೀಳುವ ಚಳಿಯಲ್ಲೂ ತೋಳು ಮುಚ್ಚದೆ ಆಡುತ್ತಿದ್ದ. ಪ್ರತಿ ಅವಕಾಶಕ್ಕೂ ಉಳಿದವರು ನಡೆದು ಬರುವಾಗ ತಾನು ಓಡಿ ಬಂದು ತನ್ನ ಜಾಗದಲ್ಲಿ ನಿಲ್ಲುತ್ತಿದ್ದ. ಪಿಟ್ಸ್‌ಬರ್ಗ್ ಉಕ್ಕಿನ ಕಾರ್ಖಾನೆಗಳ ಊರು. ತಂಡಕ್ಕೆ 'ಸ್ಟೀಲರ್ಸ್' ಎಂಬ ಹೆಸರು ಬಂದದ್ದೇ ಅದರಿಂದ. ಎಪ್ಪತ್ತರ ದಶಕದ ಕೊನೆಯಿಂದ ಅಲ್ಲಿನ ಕುಲುಮೆಗಳು ಒಂದೊಂದಾಗಿ ತಣ್ಣಗಾಗಿ, ಸಾವಿರಾರು ಕಾರ್ಮಿಕರು ಕೆಲಸ ಕಳೆದುಕೊಂಡರು. ಆ ಕಷ್ಟದ ದಿನಗಳಲ್ಲಿ ಊರಿಗೆ ಉಳಿದ ಹೆಮ್ಮೆಯೆಂದರೆ ತಂಡವೊಂದೇ. ಮಾತಿಲ್ಲದೆ ದುಡಿಯುವ, ನೋವನ್ನು ನುಂಗಿಕೊಳ್ಳುವ ವೆಬ್‌ಸ್ಟರ್‌ನಲ್ಲಿ ಆ ಜನ ತಮ್ಮನ್ನೇ ಕಂಡರು.

ಲೀಗ್‌ನ ಅಂತಿಮ ಪಂದ್ಯಕ್ಕೆ 'ಸೂಪರ್ ಬೌಲ್' ಎಂದು ಹೆಸರು. 1974ರಿಂದ 1979ರವರೆಗಿನ ಆರು ಋತುಗಳಲ್ಲಿ ಸ್ಟೀಲರ್ಸ್ ಅದನ್ನು ನಾಲ್ಕು ಬಾರಿ ಗೆದ್ದಿತು. ನಾಲ್ಕರಲ್ಲೂ ವೆಬ್‌ಸ್ಟರ್ ತಂಡದಲ್ಲಿದ್ದ. ವರ್ಷದ ಶ್ರೇಷ್ಠ ಆಟಗಾರರ 'ಪ್ರೊ ಬೌಲ್' ಪಂದ್ಯಕ್ಕೆ ಒಂಬತ್ತು ಸಲ ಆಯ್ಕೆಯಾದ. 1986ರಲ್ಲಿ ಮೊಣಕೈ ಕೀಲು ತಪ್ಪುವವರೆಗೆ ಸತತ 150 ಪಂದ್ಯಗಳಲ್ಲಿ ಮೊದಲ ಹನ್ನೊಂದರೊಳಗೆ ನಿಂತ. ಸ್ಟೀಲರ್ಸ್ ಪರವಾಗಿ ಹದಿನೈದು ಋತು ಆಡಿದ ಮೇಲೆ ಕಾನ್ಸಾಸ್ ಸಿಟಿ ತಂಡ ಅವನನ್ನು ತರಬೇತುದಾರನ ಕೆಲಸಕ್ಕೆಂದು ಕರೆಸಿಕೊಂಡಿತು. ಅಲ್ಲಿಯೂ ಅವನು ಮತ್ತೆ ಅಂಗಿ ತೊಟ್ಟು ಎರಡು ವರ್ಷ ಆಡಿದ. 1990ರ ಋತುವಿನ ನಂತರ ನಿವೃತ್ತನಾದಾಗ ಅವನು ಆಡಿದ ಲೀಗ್ ಪಂದ್ಯಗಳ ಸಂಖ್ಯೆ 245.

ಆ ಆಟದಲ್ಲಿ ಎಲ್ಲಕ್ಕೂ ಲೆಕ್ಕವಿದೆ. ಯಾರು ಎಷ್ಟು ಗಜ ಓಡಿದ, ಎಷ್ಟು ಎಸೆದ, ಎಷ್ಟು ಹಿಡಿದ ಎಂಬುದೆಲ್ಲ ದಾಖಲೆಯಾಗುತ್ತದೆ. ಸೆಂಟರ್‌ನ ತಲೆಗೆ ಎಷ್ಟು ಪೆಟ್ಟು ಬಿದ್ದಿತೆಂಬ ಲೆಕ್ಕವನ್ನು ಮಾತ್ರ ಯಾರೂ ಇಡಲಿಲ್ಲ. ಒಂದು ಪಂದ್ಯದಲ್ಲಿ ಒಂದು ತಂಡಕ್ಕೆ ಸುಮಾರು ಅರವತ್ತು ಅವಕಾಶಗಳು. ಪ್ರತಿ ಅವಕಾಶಕ್ಕೂ ಒಂದು ಡಿಕ್ಕಿ ಎಂದು ಹಿಡಿದರೂ ವೆಬ್‌ಸ್ಟರ್‌ನ ವೃತ್ತಿಜೀವನದ ಪಂದ್ಯಗಳಲ್ಲೇ ಅದು ಹತ್ತು ಸಾವಿರ ಮೀರುತ್ತದೆ. ಅಭ್ಯಾಸದಲ್ಲಿ ತಿಂದದ್ದು, ಶಾಲೆ ಕಾಲೇಜುಗಳಲ್ಲಿ ತಿಂದದ್ದು ಇದರಲ್ಲಿ ಸೇರಿಲ್ಲ. ಸಾಲದ್ದಕ್ಕೆ, ಎದುರಾಳಿಯ ತಲೆಗೆ ಅಂಗೈಯಿಂದ ಬಾರಿಸಿ ಕಂಗೆಡಿಸುವುದು ಅಂದಿನ ನಿಯಮಗಳಿಗೆ ವಿರುದ್ಧವಾಗಿರಲಿಲ್ಲ. ಅದನ್ನು ನಿಷೇಧಿಸಿದ್ದು 1977ರಲ್ಲಿ.

ತಲೆಗೆ ಗಟ್ಟಿ ಹೆಲ್ಮೆಟ್ ಇತ್ತಲ್ಲ ಎಂದು ಕೇಳಬಹುದು. ಹೆಲ್ಮೆಟ್ ಕಾಯುವುದು ಬುರುಡೆಯನ್ನು. ಮಿದುಳನ್ನು ಅದು ಪೂರ್ತಿ ಕಾಯಲಾರದು. ನೀರು ತುಂಬಿದ ಕೊಡವನ್ನು ಹೊತ್ತು ಓಡುವವನು ಥಟ್ಟನೆ ನಿಂತರೆ ಕೊಡ ನಿಲ್ಲುತ್ತದೆ, ಒಳಗಿನ ನೀರು ಮಾತ್ರ ತುಳುಕಿ ಅಂಚಿಗೆ ಬಡಿಯುತ್ತದೆ. ಬುರುಡೆಯೊಳಗೆ ದ್ರವದ ನಡುವೆ ಇರುವ ಮಿದುಳಿನ ಪಾಡೂ ಹಾಗೆಯೇ. ಕೊಡ ಕಬ್ಬಿಣದ್ದಾದರೂ ನೀರು ತುಳುಕುವುದು ತಪ್ಪುವುದಿಲ್ಲ. ಗಟ್ಟಿ ಹೆಲ್ಮೆಟ್ ಬಂದ ಮೇಲೆ ಆಟಗಾರರು ತಲೆಯನ್ನೇ ಆಯುಧವನ್ನಾಗಿ ಮುಂದೊಡ್ಡಿ ನುಗ್ಗತೊಡಗಿದರು ಎಂಬುದು ಇದರ ಜೊತೆಗಿನ ವಿಪರ್ಯಾಸ.

ನಿವೃತ್ತಿಯ ಆಸುಪಾಸಿನಲ್ಲೇ ವೆಬ್‌ಸ್ಟರ್ ಬದಲಾಗತೊಡಗಿದ್ದ. ಶಾಂತ ಸ್ವಭಾವದ, ಮನೆವಂದಿಗನಾದ ಮನುಷ್ಯ ಸಣ್ಣಪುಟ್ಟ ಮಾತಿಗೂ ಸಿಡಿಮಿಡಿಗೊಳ್ಳತೊಡಗಿದ. ತಲೆನೋವು, ಮರೆವು, ನಿದ್ರೆಯಿಲ್ಲದ ರಾತ್ರಿಗಳು ಬಂದವು. ಹೂಡಿದ ಹಣ ಮುಳುಗಿತು, ಮನೆ ಕೈಬಿಟ್ಟಿತು, ಸಂಸಾರ ಒಡೆಯಿತು. ಒಂದು ಕಾಲಕ್ಕೆ ಊರೇ ಕೈಮುಗಿಯುತ್ತಿದ್ದ ಆಟಗಾರ ತನ್ನ ಪಿಕ್‌ಅಪ್ ಟ್ರಕ್ಕಿನಲ್ಲೋ ರೈಲು ನಿಲ್ದಾಣದಲ್ಲೋ ರಾತ್ರಿ ಕಳೆಯುವಂತಾಯಿತು. ಉದುರಿದ ಹಲ್ಲುಗಳನ್ನು ಅಂಟಿನಿಂದ ಅಂಟಿಸಿಕೊಳ್ಳುತ್ತಿದ್ದ. ನೋವು ತಡೆಯಲಾರದೆ, ಪೊಲೀಸರು ಬಳಸುವಂಥ ವಿದ್ಯುತ್ ಆಘಾತದ ಸಾಧನವನ್ನು ತನ್ನ ಮೈಮೇಲೇ ಒತ್ತಿಕೊಂಡು ಎಚ್ಚರ ತಪ್ಪಿ ಮಲಗುತ್ತಿದ್ದ. ಚದುರಿದ ಚಿತ್ತವನ್ನು ಹಿಡಿದು ನಿಲ್ಲಿಸುವ ಔಷಧವೊಂದಕ್ಕಾಗಿ ಖೋಟಾ ವೈದ್ಯಚೀಟಿ ಬಳಸಿದನೆಂದು 1999ರಲ್ಲಿ ಬಂಧನಕ್ಕೂ ಒಳಗಾದ. ನ್ಯಾಯಾಲಯ ಅವನನ್ನು ಸೆರೆಮನೆಗೆ ಕಳಿಸದೆ ನಿಗಾವಣೆಯಲ್ಲಿ ಬಿಟ್ಟಿತು.

ಇದರ ನಡುವೆಯೇ, 1997ರ ಜುಲೈಯಲ್ಲಿ, ಓಹಿಯೊದ ಕ್ಯಾಂಟನ್ ಪಟ್ಟಣದಲ್ಲಿರುವ 'ಹಾಲ್ ಆಫ್ ಫೇಮ್' ಅವನನ್ನು ತನ್ನ ಕೀರ್ತಿಮಂದಿರಕ್ಕೆ ಬರಮಾಡಿಕೊಂಡಿತು. ಸಭೆಗೆ ಪರಿಚಯಿಸಿದವನು ಸ್ಟೀಲರ್ಸ್‌ನ ಹಳೆಯ ಕ್ವಾರ್ಟರ್‌ಬ್ಯಾಕ್ ಟೆರಿ ಬ್ರಾಡ್‌ಶಾ. ಕೊನೆಯ ಬಾರಿ ಒಮ್ಮೆ ಚೆಂಡು ಕೊಡು ಎಂದು ಅವನು ಕೇಳಿದಾಗ ವೆಬ್‌ಸ್ಟರ್ ವೇದಿಕೆಯ ಮೇಲೆಯೇ ಬಾಗಿ ಚೆಂಡು ಕೊಟ್ಟ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ ಬಳಿಕ ಅವನ ಭಾಷಣ ಮಾತ್ರ ಎಲ್ಲಿಂದಲೋ ಎಲ್ಲಿಗೋ ಹರಿಯಿತು. ಕೊಟ್ಟ ಸಮಯ ಮುಗಿದರೂ ಮಾತು ಮುಗಿಯಲಿಲ್ಲ, ಒಂದಕ್ಕೊಂದು ಕೂಡಲಿಲ್ಲ. ಕೈಗೆ ಚೆಂಡು ನೆನಪಿತ್ತು, ನಾಲಿಗೆಗೆ ಮಾತಿನ ದಾರಿ ತಪ್ಪಿತ್ತು.

ಆಟದ ಪೆಟ್ಟುಗಳೇ ತನ್ನನ್ನು ಹೀಗೆ ಮಾಡಿದವು ಎಂಬುದು ವೆಬ್‌ಸ್ಟರ್‌ನ ವಾದವಾಗಿತ್ತು. ವಕೀಲ ಬಾಬ್ ಫಿಟ್ಜ್‌ಸಿಮನ್ಸ್ ಅವರ ನೆರವಿನಿಂದ ಆಟಗಾರರ ನಿವೃತ್ತಿವೇತನ ಮಂಡಳಿಗೆ ಅಂಗವೈಕಲ್ಯ ಭತ್ಯೆಗಾಗಿ ಅರ್ಜಿ ಹಾಕಿದ. ಮಂಡಳಿಯೇ ಗೊತ್ತುಮಾಡಿದ ವೈದ್ಯರೂ ಅದನ್ನು ಅಲ್ಲಗಳೆಯಲಿಲ್ಲ. ತಲೆಯ ಪೆಟ್ಟುಗಳಿಂದ ಅವನ ಮಿದುಳಿಗೆ ಹಾನಿಯಾಗಿದೆ, ಅವನು ಪೂರ್ಣ ಅಶಕ್ತ ಎಂದು ಮಂಡಳಿ 1999ರಲ್ಲಿ ಒಪ್ಪಿಕೊಂಡಿತು. ಆದರೆ ಆಡುತ್ತಿದ್ದಾಗಲೇ ಅಶಕ್ತನಾಗಿದ್ದ ಎಂಬುದನ್ನು ಒಪ್ಪದೆ ಕಡಿಮೆ ದರದ ಭತ್ಯೆಯನ್ನು ಮಾತ್ರ ಕೊಟ್ಟಿತು. ಅದನ್ನು ಪ್ರಶ್ನಿಸಿದ ವ್ಯಾಜ್ಯ ವೆಬ್‌ಸ್ಟರ್ ಸತ್ತ ಮೇಲೂ ನಡೆಯಿತು. ಅವನ ಆಸ್ತಿಯ ಆಡಳಿತಗಾರನಾಗಿ ಗೆಳೆಯ ಸನ್ನಿ ಜಾನಿ ಅದನ್ನು ಮುಂದುವರಿಸಿದ. 2006ರಲ್ಲಿ ಮೇಲ್ಮನವಿ ನ್ಯಾಯಾಲಯ ಕುಟುಂಬದ ಪರವಾಗಿ ತೀರ್ಪು ಕೊಟ್ಟಿತು. ಬಾಕಿ ಮೊತ್ತ ಹತ್ತು ಲಕ್ಷ ಡಾಲರ್‌ಗೂ ಹೆಚ್ಚಾಗಿತ್ತು. ಕೇಳಿದವನು ಸತ್ತು ಆಗಲೇ ನಾಲ್ಕು ವರ್ಷ.

ಶವಪರೀಕ್ಷೆಯ ದಿನ ಡಾ. ಒಮಾಲು ಮಿದುಳನ್ನು ಹೊರತೆಗೆದಾಗ ಅದು ನೋಡಲು ಸರಿಯಾಗಿಯೇ ಇತ್ತು. ಸಾವಿಗೆ ಕಾರಣ ಹೃದಯವೆಂದು ಬರೆದು ಕಡತ ಮುಚ್ಚಬಹುದಾಗಿತ್ತು. ಆದರೆ ಐವತ್ತರ ವಯಸ್ಸಿನ ಮನುಷ್ಯನ ಬುದ್ಧಿ ಇಷ್ಟು ಕೆಟ್ಟಿದ್ದೇಕೆ ಎಂಬ ಪ್ರಶ್ನೆ ಅವರನ್ನು ಬಿಡಲಿಲ್ಲ. ಮೇಲಧಿಕಾರಿ ಸಿರಿಲ್ ವೆಕ್ಟ್ ಅವರ ಒಪ್ಪಿಗೆ ಪಡೆದು ಮಿದುಳನ್ನು ಫಾರ್ಮಲಿನ್‌ನಲ್ಲಿ ಕೆಡದಂತಿಟ್ಟು, ತೆಳು ಪದರಗಳಾಗಿ ಕತ್ತರಿಸಿ, ಬಣ್ಣ ಕಟ್ಟಿಸಿ, ಸೂಕ್ಷ್ಮದರ್ಶಕದ ಕೆಳಗೆ ನೋಡಿದರು. ಆಗ ಕಂಡದ್ದು ನರಕೋಶಗಳಲ್ಲಿ ಗಂಟುಗಟ್ಟಿದ 'ಟೌ' ಎಂಬ ಪ್ರೋಟೀನು.

ನರಕೋಶಗಳಲ್ಲಿ ಪೋಷಕಾಂಶಗಳನ್ನು ಸಾಗಿಸುವ ಅತಿಸೂಕ್ಷ್ಮ ನಳಿಗೆಗಳಿವೆ. ಅವು ಕಳಚದಂತೆ ಹಿಡಿದಿಡುವುದು ಟೌ ಪ್ರೋಟೀನಿನ ಕೆಲಸ. ಮತ್ತೆ ಮತ್ತೆ ಪೆಟ್ಟು ಬಿದ್ದು ನರತಂತುಗಳು ಜಗ್ಗಿದಾಗ ಟೌ ತನ್ನ ಸ್ಥಾನದಿಂದ ಕಳಚಿಕೊಂಡು ಒಂದಕ್ಕೊಂದು ಅಂಟಿ ಗಂಟಾಗುತ್ತದೆ. ಕೋಶಗಳು ಮೆಲ್ಲಮೆಲ್ಲನೆ ಸಾಯುತ್ತವೆ. ಕೆಡುಕು ಶುರುವಾಗುವುದು ಮಿದುಳಿನ ಮಡಿಕೆಗಳ ಆಳದಲ್ಲಿ, ಸಣ್ಣ ರಕ್ತನಾಳಗಳ ಸುತ್ತ. ಆಟ ಬಿಟ್ಟ ಎಷ್ಟೋ ವರ್ಷಗಳ ಮೇಲೂ ಅದು ಹರಡುತ್ತಲೇ ಹೋಗುತ್ತದೆ. ಸ್ವಭಾವ, ನೆನಪು, ವಿವೇಕಗಳನ್ನು ಆಳುವ ಭಾಗಗಳಿಗೆ ಅದು ತಲುಪಿದಾಗ ಮನುಷ್ಯ ತನ್ನವರಿಗೇ ಗುರುತು ಸಿಗದಂತಾಗುತ್ತಾನೆ. ವೈದ್ಯಕೀಯದಲ್ಲಿ ಇದನ್ನು 'ಕ್ರಾನಿಕ್ ಟ್ರಾಮ್ಯಾಟಿಕ್ ಎನ್ಸೆಫಲೋಪತಿ', ಚಿಕ್ಕದಾಗಿ 'ಸಿಟಿಇ' ಎನ್ನುತ್ತಾರೆ. ಪೆಟ್ಟಿನ ಮೇಲೆ ಪೆಟ್ಟು ತಿಂದು ಬರುವ ದೀರ್ಘಕಾಲದ ಮಿದುಳು ಬೇನೆ ಎಂಬುದು ಅದರ ತಾತ್ಪರ್ಯ.

ಬೇನೆ ಹೊಸದಲ್ಲ. ಮುಷ್ಟಿಯುದ್ಧದ ಹಳೆಯ ಜಟ್ಟಿಗಳು ಕುಡಿದವರಂತೆ ತೂರಾಡುವುದನ್ನೂ ತೊದಲುವುದನ್ನೂ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ ಎಂಬ ಅಮೆರಿಕನ್ ವೈದ್ಯರು 1928ರಲ್ಲೇ ವಿವರಿಸಿದ್ದರು. 1973ರಲ್ಲಿ ಬ್ರಿಟನ್ನಿನ ಕಾರ್ಸೆಲಿಸ್ ಮತ್ತು ಸಂಗಡಿಗರು ಹದಿನೈದು ಮುಷ್ಟಿಮಲ್ಲರ ಮಿದುಳುಗಳನ್ನು ಪರೀಕ್ಷಿಸಿ ವರದಿ ಮಾಡಿದ್ದರು. ಹೆಲ್ಮೆಟ್ ತೊಟ್ಟು ಆಡುವ ಫುಟ್‌ಬಾಲ್ ಆಟಗಾರನಲ್ಲೂ ಅದು ಇರಬಹುದೆಂದು ತೋರಿಸಿಕೊಟ್ಟದ್ದು ವೆಬ್‌ಸ್ಟರ್‌ನ ಮಿದುಳು. ಒಮಾಲು ಮತ್ತು ಸಹೋದ್ಯೋಗಿಗಳ ಲೇಖನ 2005ರಲ್ಲಿ 'ನ್ಯೂರೋಸರ್ಜರಿ' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು.

ತಲೆಯ ಪೆಟ್ಟುಗಳ ಅಧ್ಯಯನಕ್ಕೆಂದು ಲೀಗ್ 1994ರಲ್ಲೇ ಒಂದು ಸಮಿತಿ ಮಾಡಿತ್ತು. ಅದರ ಅಧ್ಯಕ್ಷರಾಗಿದ್ದವರು ಮಿದುಳು ತಜ್ಞರಲ್ಲ, ಕೀಲುರೋಗ ತಜ್ಞರು. ಆಟದಿಂದ ಮಿದುಳಿಗೆ ಶಾಶ್ವತ ಹಾನಿಯೆಂಬುದಕ್ಕೆ ಆಧಾರವಿಲ್ಲ ಎಂಬ ಧಾಟಿಯ ಲೇಖನಗಳನ್ನು ಸಮಿತಿ ಪ್ರಕಟಿಸುತ್ತ ಬಂದಿತ್ತು. ಒಮಾಲು ಅವರ ಲೇಖನ ಬಂದೊಡನೆ ಸಮಿತಿಯ ಮೂವರು ಸದಸ್ಯರು ಅದನ್ನು ಹಿಂತೆಗೆದುಕೊಳ್ಳಬೇಕೆಂದು ಪತ್ರಿಕೆಗೆ ಬರೆದರು. ಪತ್ರಿಕೆ ಹಿಂತೆಗೆಯಲಿಲ್ಲ. ಅಷ್ಟರಲ್ಲಿ ಎರಡನೆಯ ಸಾಕ್ಷಿ ಸಿಕ್ಕಿತ್ತು. ಸ್ಟೀಲರ್ಸ್‌ನಲ್ಲಿ ವೆಬ್‌ಸ್ಟರ್‌ನ ಸಾಲಿನಲ್ಲೇ ನಿಂತು ಆಡಿದ್ದ ಟೆರಿ ಲಾಂಗ್ 2005ರಲ್ಲಿ, 45ರ ಹರೆಯದಲ್ಲಿ, ಆತ್ಮಹತ್ಯೆ ಮಾಡಿಕೊಂಡಿದ್ದ. ಅವನ ಮಿದುಳಿನಲ್ಲೂ ಅದೇ ಗಂಟುಗಳು. ಮರುವರ್ಷ ಆಂಡ್ರೆ ವಾಟರ್ಸ್ ಎಂಬ ಮತ್ತೊಬ್ಬ ಮಾಜಿ ಆಟಗಾರನದೂ ಅದೇ ಕಥೆ.

ಮುಂದಿನ ವರ್ಷಗಳಲ್ಲಿ ಬಾಸ್ಟನ್ ವಿಶ್ವವಿದ್ಯಾಲಯ ಈ ಅಧ್ಯಯನದ ಕೇಂದ್ರವಾಯಿತು. ಅಲ್ಲಿ ಪರೀಕ್ಷಿಸಿದ 111 ಮಾಜಿ ಲೀಗ್ ಆಟಗಾರರ ಮಿದುಳುಗಳಲ್ಲಿ 110ರಲ್ಲಿ ಈ ಬೇನೆ ಕಂಡಿತೆಂಬ ವರದಿ 2017ರಲ್ಲಿ ಬಂತು. 2023ರ ಹೊತ್ತಿಗೆ 376ರಲ್ಲಿ 345. ಈ ಅಂಕಿಗಳನ್ನು ಎಚ್ಚರದಿಂದ ಓದಬೇಕು. ಬದುಕಿದ್ದಾಗ ಏನೋ ಕೆಟ್ಟಿದೆಯೆಂದು ಮನೆಯವರಿಗೆ ಅನ್ನಿಸಿದ್ದವರ ಮಿದುಳುಗಳೇ ಹೆಚ್ಚಾಗಿ ದಾನವಾಗಿ ಬರುತ್ತವೆ. ಆದ್ದರಿಂದ ಆಡಿದ ಎಲ್ಲರಿಗೂ ಇದೇ ಗತಿ ಎಂದು ಹೇಳಲಾಗದು. ಬದುಕಿರುವವರಲ್ಲಿ ಇದನ್ನು ಖಚಿತವಾಗಿ ಗುರುತಿಸುವ ಪರೀಕ್ಷೆ ಇನ್ನೂ ಬಂದಿಲ್ಲ. ಈಗಲೂ ಕೊನೆಯ ಮಾತು ಸೂಕ್ಷ್ಮದರ್ಶಕದ್ದೇ.

ಆದರೆ ಒಂದು ಸಂಗತಿ ದಿನದಿಂದ ದಿನಕ್ಕೆ ಸ್ಪಷ್ಟವಾಗುತ್ತಿದೆ. ಎಚ್ಚರ ತಪ್ಪಿಸುವಂಥ ದೊಡ್ಡ ಏಟುಗಳ ಬಗೆಗೇ ಮೊದಲು ಎಲ್ಲರ ಚಿಂತೆಯಿತ್ತು. 631 ಮಿದುಳುಗಳನ್ನು ಆಧರಿಸಿ 2023ರಲ್ಲಿ ಬಂದ ಬಾಸ್ಟನ್ನಿನ ಅಧ್ಯಯನದ ಪ್ರಕಾರ, ಬೇನೆಯ ಸಾಧ್ಯತೆಯನ್ನು ಹೇಳುವುದು ಅಂಥ ಏಟುಗಳ ಎಣಿಕೆಯಲ್ಲ. ಆಡಿದ ಅಷ್ಟೂ ವರ್ಷಗಳಲ್ಲಿ ತಲೆಗೆ ತಗುಲಿದ ಸಣ್ಣ, ದೊಡ್ಡ ಪೆಟ್ಟುಗಳ ಒಟ್ಟು ಭಾರ. ಹನಿಗೂಡಿ ಹಳ್ಳ ಎಂಬ ಗಾದೆ ಇಲ್ಲಿ ಕೆಡುಕಿನ ದಿಕ್ಕಿನಲ್ಲಿ ನಿಜವಾಗಿದೆ. ಯಾರ ಕಣ್ಣಿಗೂ ಬೀಳದೆ ಸೆಂಟರ್ ಪ್ರತಿ ಅವಕಾಶಕ್ಕೂ ತಿನ್ನುವ ಡಿಕ್ಕಿ ಆ ಹನಿಗಳಲ್ಲೊಂದು. ಅಂದರೆ ವೆಬ್‌ಸ್ಟರ್‌ನನ್ನು ಕೆಡಿಸಿದ್ದು ಆಟದಲ್ಲಿ ನಡೆದ ಯಾವುದೋ ಅಪಘಾತವಲ್ಲ, ಆಟವನ್ನು ಅವನು ನಿಯಮಬದ್ಧವಾಗಿ, ಚೆನ್ನಾಗಿ, ಬಹುಕಾಲ ಆಡಿದ್ದು. ವರ್ಷಗಟ್ಟಲೆ ಒಂದು ಪಂದ್ಯವನ್ನೂ ತಪ್ಪಿಸದ ಆ ನಿಷ್ಠೆಯೇ ಅವನಿಗೆ ಮುಳುವಾಯಿತು.

ಲೀಗ್ ಮಣಿಯಲು ವರ್ಷಗಳೇ ಹಿಡಿದವು. ಪೆಟ್ಟುಗಳಿಗೆ ದೀರ್ಘಕಾಲದ ಪರಿಣಾಮವುಂಟೆಂದು ಅದರ ವಕ್ತಾರರೊಬ್ಬರು ಒಪ್ಪಿದ್ದು 2009ರಲ್ಲಿ. ಆಟಕ್ಕೂ ಈ ಬೇನೆಗೂ ಸಂಬಂಧವಿದೆ ಎಂದು ಲೀಗ್‌ನ ಹಿರಿಯ ಅಧಿಕಾರಿಯೊಬ್ಬರು ಸಂಸತ್ ಸದಸ್ಯರ ಮುಂದೆ ಹೇಳಿದ್ದು 2016ರಲ್ಲಿ. ಅದರ ನಡುವೆ ಸಾವಿರಾರು ಮಾಜಿ ಆಟಗಾರರು ಹೂಡಿದ ದಾವೆಗಳಿಗೆ 2013ರಲ್ಲಿ 76.5 ಕೋಟಿ ಡಾಲರ್‌ಗಳ ರಾಜಿ ಸೂತ್ರ ಸಿದ್ಧವಾಯಿತು. ಮುಂದೆ ಆ ಮಿತಿಯನ್ನು ತೆಗೆದುಹಾಕಿ, 2015ರಲ್ಲಿ ನ್ಯಾಯಾಲಯ ಅದಕ್ಕೆ ಒಪ್ಪಿಗೆ ಕೊಟ್ಟಿತು. ಈವರೆಗೆ ಸಂದ ಪರಿಹಾರ 100 ಕೋಟಿ ಡಾಲರ್ ಮೀರಿದೆ. ತಪ್ಪು ತಮ್ಮದೆಂದು ಮಾತ್ರ ಲೀಗ್ ಆ ಒಪ್ಪಂದದಲ್ಲಿ ಒಪ್ಪಿಕೊಂಡಿಲ್ಲ. ಕಪ್ಪು ಆಟಗಾರರ ಬುದ್ಧಿಶಕ್ತಿ ಮೊದಲೇ ಕಡಿಮೆ ಮಟ್ಟದ್ದೆಂದು ಊಹಿಸಿ ಅವರ ಹಾನಿಯನ್ನು ಕಡಿಮೆ ಅಳೆಯುವ ಲೆಕ್ಕಾಚಾರವೂ ಅದರಲ್ಲಿ ನುಸುಳಿತ್ತು. ಪ್ರತಿಭಟನೆಯ ಬಳಿಕ, 2021ರಲ್ಲಿ, ಅದನ್ನು ಕೈಬಿಡುವುದಾಗಿ ಲೀಗ್ ಒಪ್ಪಿತು. ಇನ್ನೊಂದು ಷರತ್ತೂ ಇತ್ತು: 2006ರ ಜನವರಿಗೆ ಮೊದಲೇ ಸತ್ತವರ ಮನೆಯವರು, ಕಾನೂನಿನ ಕಾಲಮಿತಿ ಮೀರಿಲ್ಲವೆಂದು ಮೊದಲು ಸಾಧಿಸಬೇಕು. ಎಲ್ಲಕ್ಕೂ ಮೂಲನಾದ ವೆಬ್‌ಸ್ಟರ್ ಸತ್ತದ್ದು 2002ರಲ್ಲಿ.

ಆಟ ನಿಂತಿಲ್ಲ, ನಿಲ್ಲುವ ಸೂಚನೆಯೂ ಇಲ್ಲ. ಸೂಪರ್ ಬೌಲ್ ಇಂದಿಗೂ ಅಮೆರಿಕನ್ನರು ಅತಿ ಹೆಚ್ಚು ಸಂಖ್ಯೆಯಲ್ಲಿ ಕೂತು ನೋಡುವ ಟಿ.ವಿ. ಕಾರ್ಯಕ್ರಮ. ಬದಲಾವಣೆಗಳು ಬಂದಿರುವುದು ನಿಜ. ಮೈಗೆ ಮೈ ಡಿಕ್ಕಿ ಹೊಡೆಯುವ ಅಭ್ಯಾಸಕ್ಕೆ 2011ರಿಂದ ಮಿತಿ ಬಿದ್ದಿದೆ. ತಲೆಯನ್ನು ಗುರಿಮಾಡಿ ನುಗ್ಗಿದರೆ ದಂಡವಿದೆ. ಪೆಟ್ಟು ತಿಂದವನನ್ನು ಮೈದಾನದ ಪಕ್ಕದಲ್ಲೇ ಪರೀಕ್ಷಿಸಲು ತಂಡಕ್ಕೆ ಸೇರದ ವೈದ್ಯರಿರುತ್ತಾರೆ. ಅಭ್ಯಾಸದ ಹೊತ್ತಿನಲ್ಲಿ ಹಲವು ಸ್ಥಾನಗಳ ಆಟಗಾರರು ಹೆಲ್ಮೆಟ್ಟಿನ ಮೇಲೆ ಮೆತ್ತನೆಯ ಹೊದಿಕೆ ತೊಡಬೇಕೆಂಬ ನಿಯಮ 2022ರಲ್ಲಿ ಬಂತು. ಹೆಲ್ಮೆಟ್ಟಿನೊಳಗೆ ಸಂವೇದಕಗಳನ್ನಿಟ್ಟು ಪೆಟ್ಟುಗಳನ್ನು ಅಳೆಯುವ ಕೆಲಸವೂ ಅಲ್ಲಲ್ಲಿ ನಡೆದಿದೆ. ವೆಬ್‌ಸ್ಟರ್‌ನ ಕಾಲದಲ್ಲಿ ಯಾರೂ ಇಡದಿದ್ದ ಲೆಕ್ಕ ಅದು.

ಆದರೂ ಪ್ರತಿ ಅವಕಾಶದ ಆರಂಭದಲ್ಲಿ ಈಗಲೂ ಒಬ್ಬ ಸೆಂಟರ್ ಬಾಗಿ ನಿಲ್ಲಲೇಬೇಕು. ಚೆಂಡು ಹಿಂದಕ್ಕೆ ಹೋದೊಡನೆ ಪ್ರೇಕ್ಷಕರ ಕಣ್ಣು ಅದರ ಹಿಂದೆ ಹೋಗುತ್ತದೆ. ಮುಂದಿನ ಸಾಲಿನಲ್ಲಿ ಹೆಲ್ಮೆಟ್ಟಿಗೆ ಹೆಲ್ಮೆಟ್ಟು ತಾಗಿದ ಸದ್ದು ಆ ಗದ್ದಲದಲ್ಲಿ ಕೇಳಿಸುವುದಿಲ್ಲ.